ಹದಿಹರೆಯದವರ ಆರೋಗ್ಯ ಕಾರ್ಯಕ್ರಮವನ್ನು ಅವರೇ ರೂಪಿಸಿ, ಅವರೇ ನಡೆಸಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು? (ಗೋಣಿಕೊಪ್ಪ–ತಿತಿಮತಿ ಕಡೆ)

ಲಕ್ಷ್ಮಣತೀರ್ಥ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪ–ತಿತಿಮತಿ ಸುತ್ತ ಒಂದು ಊರು, ಒಂದು ಹಾಡಿ (ಬುಡಕಟ್ಟು ಜನರ ಕೇರಿ), ಎರಡು ತೋಟದ ಕೆಲಸಗಾರರ ಲೈನ್‌ಮನೆ ಸೇರಿಸಿ 10ರಿಂದ 19 ವರ್ಷದವರಿಗೆ ಒಂದು ಆರೋಗ್ಯ ಕಾರ್ಯಕ್ರಮ ಮಾಡಬೇಕು ಅಂತ ನಮ್ಮ ಯುವಕ–ಯುವತಿಯರ ಗುಂಪು ತೀರ್ಮಾನಿಸಿದೆ. ಸುಮಾರು 70 ಮಕ್ಕಳು. ಕೈಯಲ್ಲಿರೋದು 60 ಸಾವಿರ ರೂಪಾಯಿ. ರಕ್ತಹೀನತೆ, ಮುಟ್ಟಿನ ಶುಚಿತ್ವ, ಕುಡಿತ–ತಂಬಾಕು, ಮನಸ್ಸಿನ ಆರೋಗ್ಯ ಅಂತ ನಾಲ್ಕು ವಿಷಯ ಗುರುತು ಹಾಕಿಕೊಂಡಿದ್ದೇವೆ.

ಈಗ ಬಂದಿರೋ ಮಾತು ಏನಂದ್ರೆ, ಮಕ್ಕಳನ್ನು ಬರೀ ಕೂರಿಸಿ ಕೇಳಿಸೋದು ಬೇಡ, ಅವರೇ ರೂಪಿಸಿ ಅವರೇ ನಡೆಸಲಿ ಅಂತ. ಮುಂದಾಳುಗಳನ್ನು ಆರಿಸೋದು ಹೇಗೆ? ಯಾವ ತೀರ್ಮಾನ ಅವರಿಗೆ ಬಿಡಬೇಕು, ಯಾವುದನ್ನು ಬಿಡಬಾರದು? ನಮ್ಮ ಕಡೆ ಮಳೆಗಾಲ, ಕಾಫಿ ಕೊಯ್ಲು, ಆನೆ ಕಾಟ ಎಲ್ಲ ಇದೆ. ಇದರ ನಡುವೆ ಯಾವ ತಿಂಗಳು ಹಿಡಿದರೆ ನಡೆಯುತ್ತೆ? ಗೊತ್ತಿರೋರು ಬಿಡಿಸಿ ಹೇಳಿ.

ಬ್ರಹ್ಮಗಿರಿ:

ಮೊದಲು ಆ ನಾಲ್ಕು ವಿಷಯದ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. ಪಟ್ಟಿ ತಪ್ಪು ಅಂತಲ್ಲ. ಮೊದಲ ಸಭೆಗೇ ಅದನ್ನು ಗೋಡೆಗೆ ಅಂಟಿಸಿದರೆ ಮಕ್ಕಳು ಅದರಲ್ಲೇ ಯಾವುದೋ ಒಂದಕ್ಕೆ ಕೈ ಎತ್ತುತ್ತಾರೆ, ಅದನ್ನೇ ‘ಮಕ್ಕಳ ಆಯ್ಕೆ’ ಅಂತ ಬರೆದುಕೊಂಡು ಬರ್ತೀವಿ. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗೆ ಬರೆದುಕೊಟ್ಟ ಏಣಿಯ ಲೆಕ್ಕದಲ್ಲಿ ಎಂಟು ಮೆಟ್ಟಿಲಿವೆ. ಕೆಳಗಿನ ಮೂರು, ಅಂದ್ರೆ ಮಕ್ಕಳ ಬಾಯಲ್ಲಿ ನಮ್ಮ ಮಾತು ಹೇಳಿಸೋದು, ಶೋಭೆಗೆ ನಿಲ್ಲಿಸೋದು, ಹೆಸರಿಗೆ ಮಾತ್ರ ಕೂರಿಸೋದು, ಇವು ಭಾಗವಹಿಸುವಿಕೆಯೇ ಅಲ್ಲ. ದುಡ್ಡು, ದಿನ, ವಿಷಯ ಈ ಮೂರೂ ತೀರ್ಮಾನ ಆಗೋಕೆ ಮುಂಚೆ ಮಕ್ಕಳು ಕೋಣೆಯೊಳಗಿದ್ದರೆ ಮಾತ್ರ ಮೇಲಿನ ಮೆಟ್ಟಿಲು ಸಿಗುತ್ತೆ.

ಕಾಲದ ಲೆಕ್ಕ: ಜೂನ್‌ನಿಂದ ಆಗಸ್ಟ್ ಬಿಟ್ಟುಬಿಡಿ. ಮಳೆಗೆ ಶಾಲೆಗೇ ರಜೆ ಕೊಡ್ತಾರೆ, ಕರೆಂಟು ಇರಲ್ಲ, ಹಾಡಿ ದಾರಿ ಕೆಸರು. ಕೊಡವರ ಕೈಲ್ ಮುಹೂರ್ತ ಹಬ್ಬ ಸೆಪ್ಟೆಂಬರ್ 3ಕ್ಕೆ ಮುಗಿಯುತ್ತೆ, ಅಲ್ಲಿಂದ ಆ ತಿಂಗಳ ಕೊನೆಯೊಳಗೆ ನಕ್ಷೆ, ಮತ, ತರಬೇತಿ ಮುಗಿಸಿ. ಅಕ್ಟೋಬರ್‌ನಿಂದ ಮೇವರೆಗೆ ಎಂಟು ತಿಂಗಳು ಗುಂಪು ಸಭೆ. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು. ಆ ದಿನಗಳಲ್ಲಿ ಅಪ್ಪ–ಅಮ್ಮ ತೋಟದಲ್ಲಿರ್ತಾರೆ, 12–13ರ ಹುಡುಗಿಯರು ಚಿಕ್ಕ ತಮ್ಮ–ತಂಗಿಯರನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರ್ತಾರೆ. ಸಣ್ಣವರನ್ನು ನೋಡಿಕೊಳ್ಳೋಕೆ ಒಬ್ಬರು ದೊಡ್ಡವರನ್ನು, ಒಂದು ಚಾಪೆಯನ್ನು ಪಕ್ಕಕ್ಕೆ ಇಟ್ಟಿರಬೇಕು, ಇಲ್ಲದಿದ್ದರೆ ಆ ಹುಡುಗಿಯರು ಎರಡನೇ ಸಭೆಯಿಂದ ಮಾಯ. ಯಾವ ಸಭೆಯೂ ಸಂಜೆ ಐದು ದಾಟಬಾರದು. ಆನೆ ರಸ್ತೆಗಿಳಿಯೋ ಹೊತ್ತಿನಲ್ಲಿ ಮಕ್ಕಳನ್ನು ನಡೆಸಿ ಕಳಿಸೋ ಹಾಗಿಲ್ಲ. ಭಾನುವಾರ ಗೋಣಿಕೊಪ್ಪ ಸಂತೆ, ಅಂದೂ ಯಾರೂ ಸಿಗಲ್ಲ. ಶನಿವಾರ ಮಧ್ಯಾಹ್ನ ಎರಡರಿಂದ ಮೂರೂವರೆ ಅಂತ ನನ್ನ ಸಲಹೆ. ಆದರೆ ಕೊನೆಗೆ ದಿನವನ್ನೂ ಅವರೇ ಇಡಲಿ.

ವಿಷಯ ಹುಡುಕೋದು ನಕ್ಷೆಯಿಂದ. ಕಾಫಿ ಒಣಗಿಸೋ ಕಣ ಖಾಲಿ ಇರೋ ದಿನ ಸೀಮೆಸುಣ್ಣದಲ್ಲಿ ತಮ್ಮ ಊರು ಬಿಡಿಸಲಿ. ಹುಡುಗಿಯರದ್ದು ಒಂದು, ಹುಡುಗರದ್ದು ಒಂದು, ಒಬ್ಬರದ್ದು ಇನ್ನೊಬ್ಬರಿಗೆ ಕಾಣದಷ್ಟು ದೂರ. ನೀರು ಎಲ್ಲಿ, ಶೌಚಾಲಯ ಎಲ್ಲಿ, ಹೆದರಿಕೆ ಆಗೋ ಜಾಗ ಯಾವುದು, ಗುಟ್ಕಾ–ಸಾರಾಯಿ ಸಿಗೋದು ಎಲ್ಲಿ, ಮನಸ್ಸು ಬಿಚ್ಚಿ ಮಾತಾಡೋಕೆ ಹೋಗೋದು ಎಲ್ಲಿ, ಇಷ್ಟನ್ನು ಕಲ್ಲು, ಎಲೆ, ಕಡ್ಡಿ ಇಟ್ಟು ತೋರಿಸಲಿ. ಎರಡು ನಕ್ಷೆಯನ್ನು ಪಕ್ಕಪಕ್ಕ ನೋಡಿ. ಹುಡುಗರ ನಕ್ಷೆಯಲ್ಲಿ ಆಟದ ಮೈದಾನ ದೊಡ್ಡದಾಗಿದ್ದು ಹುಡುಗಿಯರದ್ದರಲ್ಲಿ ಅದು ಇಲ್ಲವೇ ಇಲ್ಲ ಅಂದ್ರೆ, ಆ ವ್ಯತ್ಯಾಸವೇ ನಿಮ್ಮ ಕೆಲಸದ ಮೊದಲ ಸಾಲು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರೋದು 2003ರ ಕೋಟ್ಪಾ ಕಾಯ್ದೆಯ 6ನೇ ಕಲಂಗೆ ವಿರುದ್ಧ. ಅಂಥ ಅಂಗಡಿ ನಕ್ಷೆಯಲ್ಲಿ ಬಂದರೆ ದೂರನ್ನು ದೊಡ್ಡವರು ಕೊಡಿ, ಮಕ್ಕಳ ಹೆಸರು ಅದರಲ್ಲಿ ಬರಬಾರದು.

ಆಮೇಲೆ ಮತ. ನಕ್ಷೆಯಿಂದ ಬಂದ ಏಳೆಂಟು ವಿಷಯಕ್ಕೆ ಒಂದೊಂದು ಡಬ್ಬ, ಮೇಲೆ ಚಿತ್ರ. ಓದು ಬಾರದವರಿಗೂ ಸಲೀಸು. ಪ್ರತಿಯೊಬ್ಬರಿಗೆ ಐದು ಕಾಳು. 10–14ರ ಹುಡುಗಿಯರಿಗೆ ಒಣಗಿದ ಕಾಫಿ ಹಣ್ಣು, ಅದೇ ವಯಸ್ಸಿನ ಹುಡುಗರಿಗೆ ಹುಣಸೆ ಬೀಜ, 15–19ರ ಹುಡುಗಿಯರಿಗೆ ಅವರೆಕಾಳು, ಹುಡುಗರಿಗೆ ಜೋಳ. ಎಲ್ಲರಿಗೂ ಒಂದೇ ಕಾಳು ಕೊಟ್ಟರೆ ಒಟ್ಟು ಲೆಕ್ಕದಲ್ಲಿ ಸಣ್ಣ ಹುಡುಗಿಯರ ಮತ ಮುಳುಗಿ ಹೋಗುತ್ತೆ. ಡಬ್ಬ ಪರದೆ ಹಿಂದೆ ಇರಲಿ, ತಳಕ್ಕೆ ಹಳೇ ಬಟ್ಟೆ ಹಾಕಿ. ಬರೀ ಸ್ಟೀಲ್ ಡಬ್ಬಕ್ಕೆ ಕಾಳು ಬಿದ್ದರೆ ಟಣ್ ಅನ್ನುತ್ತೆ, ಎಷ್ಟನೇ ಡಬ್ಬದಲ್ಲಿ ಸದ್ದಾಯ್ತು ಅಂತ ಹೊರಗೆ ನಿಂತವರು ಎಣಿಸಿಬಿಡ್ತಾರೆ. ಎಣಿಕೆ ಮಕ್ಕಳೇ ಮಾಡಿ, ನಾಲ್ಕು ಗುಂಪಿನ ಲೆಕ್ಕವನ್ನು ಬೇರೆಬೇರೆ ಬರೆಯಲಿ. ಆಗ ಜೇಬಿನ ಪಟ್ಟಿ ತೆಗೀರಿ. ನೀವು ಬರೆದಿದ್ದು ಅವರದ್ದರಲ್ಲಿ ಇಲ್ಲದಿದ್ದರೆ ಕಾರಣ ಸಮೇತ ಅವರ ಮುಂದಿಡಿ, ಸೇರಿಸಬೇಕೋ ಬೇಡವೋ ಅವರು ಹೇಳಲಿ.

ಕೊನೆಗೆ, ಅವರು ರೂಪಿಸಿದ ಸಭೆಯನ್ನು ಮೊದಲು ಐದೇ ಜನರ ಮೇಲೆ ನಡೆಸಿ ನೋಡಿ. ಎಲ್ಲಿ ನಕ್ಕರು, ಎಲ್ಲಿ ತಲೆ ತಗ್ಗಿಸಿದರು, ಎಲ್ಲಿ ಗೊತ್ತಾಗಲಿಲ್ಲ ಅಂತ ಗುರುತು ಹಾಕಿಕೊಂಡು ತಿದ್ದಿ, ಆಮೇಲೆ 17–18 ಜನರ ಗುಂಪಿಗೆ. ಈ ಹೆಜ್ಜೆ ಬಿಟ್ಟವರ ಕಾರ್ಯಕ್ರಮ ಎರಡು ತಿಂಗಳಲ್ಲಿ ಭಾಷಣವಾಗಿ ನಿಂತುಬಿಡುತ್ತೆ.

ಮುಂದಾಳುಗಳನ್ನೂ ಹೀಗೇ ಗುಟ್ಟಿನ ಮತದಿಂದ ಆರಿಸಬಹುದು, ಗುಂಪಿಗೆ ಒಬ್ಬ ಹುಡುಗ, ಒಬ್ಬ ಹುಡುಗಿ.

ಸಂಪಿಗೆ:

ಬ್ರಹ್ಮಗಿರಿ ಸರ್ ಹೇಳಿದ್ದಕ್ಕೆ ಆರೋಗ್ಯ ಇಲಾಖೆ ಕಡೆಯ ವಿಷಯ ಸೇರಿಸ್ತೀನಿ.

ಹೊಸದಾಗಿ ಏನೋ ಕಟ್ಟೋ ಮುಂಚೆ ನಿಮ್ಮ ಉಪಕೇಂದ್ರದ ಸಿಸ್ಟರ್ ಮತ್ತು ಆಶಾ ಅಕ್ಕನ ಹತ್ರ ಮಾತಾಡಿ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರ ಜನವರಿ 7ರಂದು ಶುರುವಾಯ್ತು. ಪೌಷ್ಟಿಕತೆ, ಲೈಂಗಿಕ–ಸಂತಾನ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆ, ಮಾದಕ ವಸ್ತು, ಅಸಾಂಕ್ರಾಮಿಕ ರೋಗ ಅಂತ ಅದರಲ್ಲಿ ಆರು ವಿಷಯ. ಸಾವಿರ ಜನಸಂಖ್ಯೆಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಸಮವಯಸ್ಕ ಶಿಕ್ಷಕರಾಗಿ, ಒಬ್ಬೊಬ್ಬರು 15–20 ಜನರ ಗುಂಪು ನಡೆಸಬೇಕು ಅನ್ನೋದು ಅದರ ವಿನ್ಯಾಸ. ನಿಮ್ಮ ಊರಲ್ಲಿ ಅಂಥವರು ಈಗಾಗಲೇ ಇದ್ದರೆ ಅವರನ್ನೇ ಸೇರಿಸಿಕೊಳ್ಳಿ. ಪಕ್ಕದಲ್ಲಿ ಇನ್ನೊಂದು ಗುಂಪು ಕಟ್ಟಿದರೆ ಎರಡೂ ಸೊರಗುತ್ತವೆ. ಶಾಲೆಗೆ ಹೋಗೋ ಮಕ್ಕಳಿಗೆ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟಿರ್ತಾರೆ, ಅವರಿಗೂ ಒಂದು ಮಾತು ತಿಳಿಸಿ.

ಕಬ್ಬಿಣದ ಮಾತ್ರೆ ವಿಷಯ ಪಟ್ಟಿಯಲ್ಲಿ ಬಂದೇ ಬರುತ್ತೆ. ಅನೀಮಿಯಾ ಮುಕ್ತ ಭಾರತದ ಪ್ರಕಾರ 10–19ರವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಜೊತೆಗೆ ವರ್ಷಕ್ಕೆ ಎರಡು ಸಲ ಜಂತುಹುಳುವಿನ ಅಲ್ಬೆಂಡಜೋಲ್ 400 ಮಿಲಿಗ್ರಾಂ. ಮಾತ್ರೆ ಯಾಕೆ ಜೇಬಲ್ಲೇ ಉಳಿಯುತ್ತೆ ಅಂತ ಮಕ್ಕಳನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುತ್ತೆ: ಖಾಲಿ ಹೊಟ್ಟೆಗೆ ತಗೊಂಡು ಒಬ್ಬಳಿಗೆ ವಾಕರಿಕೆ ಬಂದಿರುತ್ತೆ, ಇನ್ನೊಬ್ಬನಿಗೆ ಮಲ ಕಪ್ಪಗಾಗಿ ಹೆದರಿಕೆ ಆಗಿರುತ್ತೆ, ಮರುವಾರ ಇಡೀ ತರಗತಿ ಬಾಯಿ ಮುಚ್ಚಿಕೊಂಡಿರುತ್ತೆ. ಮಲ ಕಪ್ಪಾಗೋದು ಸಹಜ ಅಂತ ಮಾತ್ರೆ ಕೊಡೋ ಮುಂಚಿನ ವಾರವೇ, ಅದೇ ವಯಸ್ಸಿನ ಒಬ್ಬರು ಹೇಳಬೇಕು. ಊಟ ಆದ ಮೇಲೇ ನುಂಗಬೇಕು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ, ಊಟದ ಹಿಂದೆಯೇ ಬೆಲ್ಲದ ಕಾಫಿ ಕುಡಿಯೋ ಅಭ್ಯಾಸ. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತೋದನ್ನು ತಡೆಯುತ್ತವೆ. ಮಾತ್ರೆ ದಿನ ಹಿಂದೆ–ಮುಂದೆ ಒಂದೊಂದು ಗಂಟೆ ಕಾಫಿ ಬೇಡ. ಬದಲಿಗೆ ಕಿತ್ತಳೆ, ಸೀಬೆ, ನೆಲ್ಲಿಕಾಯಿ, ನಿಂಬೆ ಶರಬತ್ತು. ಈ ಒಂದು ಮಾತನ್ನು ಹೇಗೆ ಹೇಳಿದರೆ ಮನೆಯಲ್ಲಿ ಅಮ್ಮ ಒಪ್ಪುತ್ತಾರೆ ಅನ್ನೋದನ್ನು ಮಕ್ಕಳು ನಮಗಿಂತ ಚೆನ್ನಾಗಿ ರೂಪಿಸಬಲ್ಲರು.

ಹಾಡಿ ಮಕ್ಕಳಿಗೆ ಕುಡಗೋಲು ಕಣ ರಕ್ತಹೀನತೆಯ, ಅಂದ್ರೆ ಸಿಕಲ್ ಸೆಲ್ ಪರೀಕ್ಷೆ ಆಗಿದೆಯಾ ಅಂತ ಸಿಸ್ಟರ್ ಹತ್ರ ಕೇಳಿ. ಬುಡಕಟ್ಟು ಪ್ರದೇಶಗಳಿಗೆ ಅದರ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಶುರುವಾಗಿದೆ. ಆ ಕಾಯಿಲೆ ಇರೋ ಮಗುವಿಗೆ ಕಬ್ಬಿಣದ ಮಾತ್ರೆಯನ್ನು ವೈದ್ಯರು ಹೇಳದೆ ಕೊಡಬಾರದು. ಇದು ಮಕ್ಕಳ ಮತಕ್ಕೆ ಹಾಕೋ ವಿಷಯ ಅಲ್ಲ. ಯಾವ ಮಾತ್ರೆ, ಎಷ್ಟು, ಯಾರಿಗೆ ಅನ್ನೋದು ಸಿಸ್ಟರ್–ವೈದ್ಯರ ಕೈಯಲ್ಲೇ ಇರಲಿ. ಹಿಮೋಗ್ಲೋಬಿನ್ ಎಣಿಕೆಯನ್ನು ಎಲ್ಲರ ಮುಂದೆ ಓದಬೇಡಿ, ಚೀಟಿ ಮಡಚಿ ಕೈಗೆ ಕೊಡಿ.

ಸ್ನೇಹ ಕ್ಲಿನಿಕ್, ಅಂದ್ರೆ ಹದಿಹರೆಯದವರಿಗೆ ಅಂತಲೇ ಇರೋ ಸರ್ಕಾರಿ ಕ್ಲಿನಿಕ್, ನಿಮಗೆ ಹತ್ತಿರದ ಆಸ್ಪತ್ರೆಯಲ್ಲಿದ್ದರೆ 15 ದಾಟಿದ ನಾಲ್ವರನ್ನು ವೈದ್ಯಾಧಿಕಾರಿಗೆ ಮೊದಲೇ ತಿಳಿಸಿ ಪರಿಶೀಲನೆಗೆ ಕಳಿಸಿ. ನೋಡಬೇಕಾದ್ದು: ಬೋರ್ಡು ಕಣ್ಣಿಗೆ ಬೀಳುತ್ತಾ, ಶಾಲೆ ಬಿಟ್ಟ ಮೇಲೂ ತೆರೆದಿರುತ್ತಾ, ಯಾಕೆ ಬಂದೆ ಅಂತ ಎಲ್ಲರ ಎದುರು ಕೇಳ್ತಾರಾ, ಪರದೆ ಇದೆಯಾ, ಹುಡುಗಿಯರಿಗೆ ಹೆಣ್ಣು ಸಿಬ್ಬಂದಿ ಸಿಗ್ತಾರಾ, ಕೊನೇ ಬಸ್ಸಿಗೆ ಮುಂಚೆ ಕೆಲಸ ಮುಗಿಯುತ್ತಾ. ಈ ಆರು ಸಾಲನ್ನು ಮಕ್ಕಳೇ ತುಂಬಿ, ಅವರೇ ಹೋಗಿ ವೈದ್ಯಾಧಿಕಾರಿಗೆ ಕೊಟ್ಟರೆ ಒಂದೆರಡಾದರೂ ಸರಿಹೋಗುತ್ತೆ.

ಪ್ರಶ್ನೆ ಪೆಟ್ಟಿಗೆ ಇಡೋದಾದರೆ ರಟ್ಟಿನದ್ದು ಬೇಡ, ಇಲ್ಲಿಯ ತೇವಕ್ಕೆ ಮೆತ್ತಗಾಗಿ ಬಾಯಿ ಬಿಡುತ್ತೆ. ಬೀಗ ಹಾಕೋ ತಗಡಿನ ಡಬ್ಬ ಸಾಕು. ಎಲ್ಲರಿಗೂ ಒಂದೇ ಅಳತೆಯ ಕಾಗದ, ಒಂದೇ ಥರದ ಪೆನ್ಸಿಲ್. ಪ್ರಶ್ನೆ ಇಲ್ಲದವರೂ ಏನಾದರೂ ಗೀಚಿ ಹಾಕಬೇಕು. ಬರೆಯೋರು ಮಾತ್ರ ಎದ್ದು ಹೋದರೆ ಯಾರದ್ದು ಅಂತ ಗೊತ್ತಾಗಿಬಿಡುತ್ತೆ. ಉತ್ತರ ಮುಂದಿನ ಸಭೆಯಲ್ಲಿ, ಯಾಕೆಂದರೆ ಮುಂದಾಳು ಮಗು ತಕ್ಷಣ ಉತ್ತರ ಕೊಡೋಕೆ ಹೋದರೆ ಗೊತ್ತಿಲ್ಲದ್ದನ್ನೂ ಹೇಳುತ್ತೆ. ಆದರೆ ಪೆಟ್ಟಿಗೆಯನ್ನು ಸಿಸ್ಟರ್ ಅಥವಾ ಒಬ್ಬರು ದೊಡ್ಡವರು ಅವತ್ತೇ ತೆರೆದು ಓದಬೇಕು. ಜೀವಕ್ಕೆ ಅಪಾಯದ ಮಾತು ಅದರಲ್ಲಿದ್ದರೆ ಎರಡು ವಾರ ಡಬ್ಬದಲ್ಲಿ ಕೂರಬಾರದು.

ಕಿತ್ತಳೆ_ತೋಟ:

ಮುಂದಾಳುಗಳಿಗೆ ಮತ ಹಾಕಿಸೋದು ನನಗೆ ಒಪ್ಪಿಗೆ ಇಲ್ಲ. ‘ಯಾರು ಲೀಡರ್ ಆಗಬೇಕು’ ಅಂತ ಕೇಳಿದರೆ ಹಾಕಿ ಚೆನ್ನಾಗಿ ಆಡೋ ಹುಡುಗ, ತರಗತಿಯ ಮೊದಲ ರ‍್ಯಾಂಕಿನ ಹುಡುಗಿ ಗೆಲ್ಲುತ್ತಾರೆ. ಶಾಲೆ ಬಿಟ್ಟವರು, ಹಾಡಿಯವರು, ಹೊರಗಿಂದ ಕೆಲಸಕ್ಕೆ ಬಂದವರ ಮಕ್ಕಳು ಗೆಲ್ಲಲ್ಲ. ಬದಲಿಗೆ ಒಂದು ಚೀಟಿ ಕೊಟ್ಟು ‘ನಿನಗೆ ಕಷ್ಟ ಬಂದರೆ ಈ ಗುಂಪಿನಲ್ಲಿ ಯಾರಿಗೆ ಹೇಳ್ತೀಯ? ಇಬ್ಬರ ಹೆಸರು ಬರಿ’ ಅಂತ ಕೇಳಿ. ಬರೆಯೋಕೆ ಬಾರದವರು ಕಿವಿಯಲ್ಲಿ ಹೇಳಲಿ. ಬರೋ ಹೆಸರುಗಳು ಬೇರೆಯೇ ಇರ್ತವೆ, ಮಾತು ಕಡಿಮೆ ಆಡೋರು, ಗುಟ್ಟು ಬಿಡದವರು. ಅವರನ್ನು ಒಬ್ಬೊಬ್ಬರಾಗಿ ಕರೆದು ಒಪ್ಪಿಗೆ ಇದೆಯಾ ಕೇಳಿ, ಬೇಡ ಅಂದರೆ ಬಲವಂತ ಬೇಡ.

ಲೈನ್‌ಮನೆಯಲ್ಲಿ ಗುಂಪಿಗೆ ಇಬ್ಬರು ಸಾಲಲ್ಲ. ರೊಬಸ್ಟಾ ಮುಗಿದ ತಕ್ಷಣ ಕೆಲವು ಕುಟುಂಬ ಬೇರೆ ತೋಟಕ್ಕೆ ಹೋಗುತ್ತೆ, ಅಸ್ಸಾಂ ಕಡೆಯಿಂದ ಬಂದವರು ಊರಿಗೆ ಹೋದರೆ ಯಾವಾಗ ತಿರುಗಿ ಬರ್ತಾರೋ ಹೇಳೋಕಾಗಲ್ಲ. ಇಬ್ಬರ ಜೊತೆ ಇನ್ನಿಬ್ಬರನ್ನು ಮೊದಲ ದಿನದಿಂದಲೇ ತರಬೇತಿಗೆ ಕೂರಿಸಿ. ಶನಿವಾರ ಅಂತ ಹೇಳಿದ್ದೀರಿ, ಕೊಯ್ಲಿನ ದಿನಗಳಲ್ಲಿ 16 ದಾಟಿದವರು ಶನಿವಾರ ಕೆಲಸಕ್ಕೆ ಹೋಗಿರ್ತಾರೆ. ಅವರಿಗೆ ತೋಟದ ವಾರದ ರಜೆ ದಿನ ಸಂತೆಯಿಂದ ಬಂದ ಮೇಲೆ ಬೇರೆ ಸಭೆ ಇಡಿ, ಅದು ಮುಕ್ಕಾಲು ಗಂಟೆಯದ್ದಾದರೂ ಸರಿ.

ಭಾಷೆಗೆ ಗಮನ ಕೊಡಿ. ಒಂದೇ ಗುಂಪಿನಲ್ಲಿ ಎರವ, ಜೇನುಕುರುಬ, ಕೊಡವ ತಕ್ಕ್, ಮಲಯಾಳ ಎಲ್ಲ ಇರುತ್ತೆ. ಪುಸ್ತಕದ ‘ಋತುಚಕ್ರ’ ಯಾರಿಗೂ ಹತ್ತಲ್ಲ. ಮುಟ್ಟು, ಹೊರಗಾಗೋದು, ತಿಂಗಳಾಗೋದು, ಹೀಗೆ ಅವರವರ ಮನೆಯಲ್ಲಿ ಏನಂತಾರೋ ಆ ಪದಗಳನ್ನು ಮೊದಲ ಸಭೆಯಲ್ಲೇ ಹುಡುಗಿಯರಿಂದ ಪಟ್ಟಿ ಮಾಡಿಸಿ, ಮುಂದೆಲ್ಲ ಅದರಲ್ಲೇ ಮಾತಾಡಿ. 10–14ರವರಿಗೆ ಹುಡುಗ–ಹುಡುಗಿಯರ ಸಭೆ ಬೇರೆ ಇರಲಿ. 15 ದಾಟಿದವರು ಮೂರ್ನಾಲ್ಕು ಸಭೆ ಬೇರೆಯಾಗಿ ಕೂತ ಮೇಲೆ ಒಟ್ಟಿಗೆ ಕೂರಬೇಕಾ ಅಂತ ಅವರೇ ಹೇಳ್ತಾರೆ.

ಲಕ್ಷ್ಮಣತೀರ್ಥ:

ತುಂಬಾ ಉಪಕಾರ ಆಯ್ತು. ಕಾಳಿನ ಮತ ಇಟ್ಟುಕೊಳ್ತೀವಿ, ಮುಂದಾಳುಗಳಿಗೆ ಚೀಟಿ. ಇನ್ನೆರಡು ಕೇಳಬೇಕು. ಸಭೆಯಲ್ಲಿ ಮಗು ತನ್ನ ಮೇಲೆ ಯಾರೋ ಕೈ ಮಾಡಿದ್ದನ್ನು, ಅಥವಾ ಬದುಕೋದೇ ಬೇಡ ಅನ್ನಿಸ್ತಿದೆ ಅಂತ ಹೇಳಿದರೆ 16 ವರ್ಷದ ಮುಂದಾಳು ಏನು ಮಾಡಬೇಕು? ಮತ್ತೆ, ತೋಟದ ರೈಟರ್ (ಲೆಕ್ಕ–ಮೇಲ್ವಿಚಾರಣೆ ನೋಡಿಕೊಳ್ಳೋರು) ‘ನಾನೂ ಕೂತುಕೊಳ್ತೀನಿ, ಆಮೇಲೆ ಅನುಮತಿ’ ಅಂದಿದ್ದಾರೆ.

ಹಾರಂಗಿ_ದಂಡೆ:

ಮೊದಲನೆಯದು ಕಾನೂನಿನ ವಿಷಯ, ಆದ್ದರಿಂದ ಬಿಗಿಯಾಗಿ ಹೇಳ್ತೀನಿ. 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದ ಎಲ್ಲರೂ ಮಕ್ಕಳು. ಲೈಂಗಿಕ ದೌರ್ಜನ್ಯ ನಡೆದದ್ದು ಅಥವಾ ನಡೆಯೋ ಸಂಭವ ಗೊತ್ತಾದ ಯಾರೇ ಆದರೂ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಶಿಕ್ಷೆ ಇದೆ. ಆ ಶಿಕ್ಷೆ ಮಕ್ಕಳಿಗೆ ಅನ್ವಯಿಸಲ್ಲ. ಅಂದ್ರೆ ನಿಮ್ಮ 16ರ ಮುಂದಾಳು ಮೇಲೆ ಬರಲ್ಲ, ಆದರೆ 18 ತುಂಬಿದ ಮುಂದಾಳು ಮೇಲೆ, ನಿಮ್ಮ ಮೇಲೆ ಬರುತ್ತೆ. ಪರಸ್ಪರ ಒಪ್ಪಿಗೆಯ ಸಂಬಂಧ ಅಂದರೂ 18ರ ಒಳಗೆ ಕಾನೂನು ಒಪ್ಪಲ್ಲ ಅನ್ನೋದು ನೆನಪಿರಲಿ.

ಹಾಗಾಗಿ ‘ಇಲ್ಲಿ ಹೇಳಿದ್ದು ಎಲ್ಲೂ ಹೋಗಲ್ಲ’ ಅಂತ ಯಾವತ್ತೂ ಮಾತು ಕೊಡಬೇಡಿ. ಪ್ರತಿ ಸಭೆ ಶುರುವಲ್ಲಿ ಮುಂದಾಳು ಹೇಳಬೇಕಾದ ಮಾತು ಹೀಗಿರಲಿ: ‘ಇಲ್ಲಿ ಕೇಳಿದ್ದನ್ನು ಹೊರಗೆ ಆಡಿಕೊಳ್ಳಲ್ಲ. ಆದರೆ ಯಾರಾದರೂ ನಿನಗೆ ನೋವು ಮಾಡ್ತಿದ್ದರೆ, ನೀನೇ ನಿನಗೆ ನೋವು ಮಾಡಿಕೊಳ್ಳೋ ಹಾಗಿದ್ದರೆ, ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಅಕ್ಕನಿಗೆ ಹೇಳಲೇಬೇಕಾಗುತ್ತೆ. ಹೇಳೋ ಮುಂಚೆ ನಿನಗೆ ತಿಳಿಸ್ತೀವಿ.’ ಮೊದಲೇ ಗೊತ್ತಿದ್ದರೆ ಎಷ್ಟು ಹೇಳಬೇಕು ಅನ್ನೋದು ಮಗುವಿನ ಕೈಯಲ್ಲಿರುತ್ತೆ. ಆಮೇಲೆ ಗೊತ್ತಾದರೆ ಆ ಮಗು ಇನ್ಯಾರನ್ನೂ ನಂಬಲ್ಲ.

ಮುಂದಾಳು ಮಾಡಬೇಕಾದ್ದು ಮೂರೇ: ಅಡ್ಡ ಮಾತಾಡದೆ ಕೇಳೋದು, ಒಂಟಿಯಾಗಿ ಬಿಡದಿರೋದು, ಅವತ್ತೇ ಗೊತ್ತುಮಾಡಿದ ದೊಡ್ಡವರ ಹತ್ರ ಜೊತೆಯಲ್ಲಿ ಹೋಗೋದು. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ವಿಚಾರಣೆ ಮಾಡಬಾರದು, ಮಗುವಿನ ಮನೆಗೆ ತಾನೇ ಹೋಗಿ ಹೇಳಬಾರದು. ಆ ದೊಡ್ಡವರು ಯಾರು ಅನ್ನೋದು ಮೊದಲ ದಿನವೇ ನಿಕ್ಕಿಯಾಗಿರಲಿ, ಇಬ್ಬರಿರಲಿ, ಒಬ್ಬರು ಹೆಂಗಸು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ತುರ್ತಿಗೆ 112. ಈ ಮೂರನ್ನು ಗೋಡೆ ಮೇಲೆ ಬರೆದರೆ ಸಾಲಲ್ಲ, ಹಾಡಿಯಲ್ಲಿ ನೆಟ್‌ವರ್ಕ್ ಎಲ್ಲಿ ನಿಂತರೆ ಸಿಗುತ್ತೆ ಅಂತಲೂ ಮಕ್ಕಳೇ ನಕ್ಷೆಯಲ್ಲಿ ಗುರುತು ಮಾಡಲಿ. ಇಂಥ ಮಾತು ಕೇಳಿದ ಮುಂದಾಳು ಮಗುವಿನ ಮನಸ್ಸೂ ಭಾರವಾಗಿರುತ್ತೆ. ಆ ವಾರ ಸಭೆಯಿಂದ ಬಿಡುವು ಕೊಟ್ಟು, ನೀವು ಅದರ ಜೊತೆ ಕೂತು ಮಾತಾಡಿ.

ಅನುಮತಿ ವಿಷಯ: 18 ತುಂಬದವರಿಗೆ ತಂದೆ–ತಾಯಿಯ ಸಹಿ ಅಥವಾ ಹೆಬ್ಬೆಟ್ಟು ಬೇಕು, ಮಗುವಿನ ಒಪ್ಪಿಗೆಯೂ ಬೇಕು. ‘ಆರೋಗ್ಯ ಶಿಬಿರ’ ಅಂತ ಮೊಗಮ್ಮಾಗಿ ಬರೆದು ಸಹಿ ಹಾಕಿಸಬೇಡಿ. ಮುಟ್ಟು, ಮೈ ಬೆಳವಣಿಗೆ, ಕುಡಿತ, ಮನಸ್ಸು ಇವೆಲ್ಲ ಮಾತಿಗೆ ಬರುತ್ತೆ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಗೊತ್ತಾಗಿ ಒಬ್ಬ ತಂದೆ ಎದ್ದು ನಿಂತರೆ ಇಡೀ ಲೈನ್ ಎದ್ದು ನಿಲ್ಲುತ್ತೆ. ಮಕ್ಕಳ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕೋದು ಬೇಡವೇ ಬೇಡ.

ರೈಟರ್ ಕೂತರೆ ಶೌಚಾಲಯದ ಮಾತೂ ಬರಲ್ಲ, ಕುಡಿತದ ಮಾತೂ ಬರಲ್ಲ. ಅವರ ಹತ್ರ ಜಗಳ ಬೇಡ, ನೇರ ತೋಟದ ಸಾಹುಕಾರರಿಗೇ ಒಂದು ಪುಟದ ಪತ್ರ ಕೊಡಿ: ಯಾವ ದಿನ, ಎಷ್ಟು ಹೊತ್ತು, ಯಾವ ಜಾಗ, ಜೊತೆಗೆ ಯಾವ ಇಬ್ಬರು ದೊಡ್ಡವರು. ಮೊದಲ ಮತ್ತು ಕೊನೆಯ ಸಭೆಗೆ ರೈಟರನ್ನು ಕರೆಯಿರಿ, ನಡುವಿನವಕ್ಕೆ ಬೇಡ. ಒಪ್ಪದಿದ್ದರೆ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಅಥವಾ ಅಂಗನವಾಡಿಯಲ್ಲಿ ಸಭೆ ಇಡಿ. ನಡೆಯೋ ದೂರ ಹೆಚ್ಚಾಗುತ್ತೆ, ಆದರೆ ಮಕ್ಕಳು ಮಾತಾಡ್ತಾರೆ.

ಬ್ರಹ್ಮಗಿರಿ:

ಮುಂದಾಳುಗಳ ವಿಷಯದಲ್ಲಿ ಕಿತ್ತಳೆ_ತೋಟ ಹೇಳಿದ್ದು ಸರಿ, ನನ್ನ ಸಲಹೆ ಹಿಂದಕ್ಕೆ ತಗೊಳ್ತೀನಿ. ದುಡ್ಡಿನ ಲೆಕ್ಕ ಉಳಿದಿದೆ.

70 ಮಕ್ಕಳು ಅಂದ್ರೆ ನಾಲ್ಕು ಗುಂಪು. ತಿಂಗಳಿಗೆ ಎರಡು ಸಭೆ, ಎಂಟು ತಿಂಗಳು, ಒಟ್ಟು 64 ಸಭೆ. ಬಾಳೆಹಣ್ಣು, ಬೇಯಿಸಿದ ಕಡಲೆ ಅಂತ ಸಭೆಗೆ 250 ರೂಪಾಯಿ ಇಟ್ಟರೆ 16,000. ನಾಲ್ಕೂ ಗುಂಪು ಒಟ್ಟು ಸೇರೋ ಮೂರು ದಿನಕ್ಕೆ ಜೀಪ್ ಬಾಡಿಗೆ 9,000. ಶುರುವಿನ ತರಬೇತಿ ಊಟ 6,000. ಎಂಟು ಮುಂದಾಳುಗಳಿಗೆ ಬಸ್ಸು–ರೀಚಾರ್ಜ್ ತಿಂಗಳಿಗೆ 150ರಂತೆ 9,600. ಕಾಗದ, ಬಣ್ಣ, ಡಬ್ಬ 4,000. 12,000 ಮಕ್ಕಳ ಕೈಗೆ. ಉಳಿದ 3,400 ಯಾವುದಾದರೂ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಆಟೋಗೆ. ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಪ್ಯಾಡ್ ಖರೀದಿಗೆ ದುಡ್ಡು ಹಾಕಬೇಡಿ, 70ರಲ್ಲಿ ಅರ್ಧ ಹುಡುಗಿಯರಿದ್ದರೂ ಮೂರು ತಿಂಗಳಲ್ಲಿ ಖಾಲಿಯಾಗುತ್ತೆ. ಸರ್ಕಾರ ಉಚಿತವಾಗಿ ಪ್ಯಾಡ್ ಕೊಡೋ ಶುಚಿ ಯೋಜನೆಯಲ್ಲಿ ಯಾವ ತಿಂಗಳು ಬಂತು, ಯಾವ ತಿಂಗಳು ಬರಲಿಲ್ಲ ಅಂತ ಹುಡುಗಿಯರು ಪುಸ್ತಕದಲ್ಲಿ ಬರೆದಿಡಲಿ.

ಆ 12,000ವನ್ನು ಏನಕ್ಕೆ ಬಳಸೋದು ಅಂತ ಮಕ್ಕಳು ತೀರ್ಮಾನಿಸಿದ ಮೇಲೆ ನೀವು ಬದಲಾಯಿಸಬಾರದು. ಶೌಚಾಲಯದ ಚಿಲಕವೋ, ಹುಡುಗಿಯರಿಗೆ ಹಾಕಿ ಸ್ಟಿಕ್ಕೋ, ಅವರಿಷ್ಟ. ಖರ್ಚಿನ ಪುಸ್ತಕ ಸಭೆಯಲ್ಲಿ ತೆರೆದಿರಲಿ, ಒಬ್ಬ ಮುಂದಾಳು ಮತ್ತು ಒಬ್ಬರು ದೊಡ್ಡವರು ಸಹಿ ಹಾಕಲಿ. ಮಕ್ಕಳು ಕೇಳಿದ್ದರಲ್ಲಿ ಆಗದ್ದು ಇದ್ದರೆ ಯಾಕೆ ಆಗಲಿಲ್ಲ ಅಂತ ಎರಡು ವಾರದೊಳಗೆ ಅವರ ಮುಂದೆಯೇ ಹೇಳಿ. ಉತ್ತರ ಬಾರದ ಎರಡು ಬೇಡಿಕೆ ಸಾಕು, ದೊಡ್ಡ ಮಕ್ಕಳು ಬರೋದು ನಿಲ್ಲಿಸ್ತಾರೆ.

ಮಕ್ಕಳ ಗ್ರಾಮಸಭೆ ನಮ್ಮ ರಾಜ್ಯದಲ್ಲಿ 2006ರಿಂದ ಇದೆ. ಈ ಸಲದ ದಿನಾಂಕವನ್ನು ಪಿಡಿಒ ಹತ್ರ ಅಕ್ಟೋಬರ್‌ನಲ್ಲೇ ಕೇಳಿಟ್ಟುಕೊಳ್ಳಿ. ಅಲ್ಲಿಗೆ ಮಕ್ಕಳು ತಗೊಂಡು ಹೋಗಬೇಕಾದ್ದು ಹಾಡು, ನಾಟಕ ಅಲ್ಲ. ಎರಡು ನಕ್ಷೆಯ ನಕಲು, ಪ್ಯಾಡ್ ಪುಸ್ತಕ, ಕ್ಲಿನಿಕ್‌ನ ಆರು ಸಾಲಿನ ಹಾಳೆ, ಮತ್ತು ಮೂರೇ ಬೇಡಿಕೆ, ಪ್ರತಿಯೊಂದಕ್ಕೂ ಜಾಗದ ಹೆಸರು ಹಾಕಿ ಬರೆದದ್ದು. ‘ಶೌಚಾಲಯ ಸರಿ ಮಾಡಿ’ ಅಂದರೆ ಯಾರೂ ಮಾಡಲ್ಲ, ‘ಹಾಡಿ ಶಾಲೆಯ ಹುಡುಗಿಯರ ಶೌಚಾಲಯ, ಎಡಗಡೆಯದ್ದು, ನಲ್ಲಿ ಇಲ್ಲ, ಒಳ ಚಿಲಕ ಇಲ್ಲ’ ಅಂದರೆ ತಪ್ಪಿಸಿಕೊಳ್ಳೋಕಾಗಲ್ಲ. ನಡಾವಳಿಯಲ್ಲಿ ಬರೆಸಿ, ಪ್ರತಿ ತಗೊಂಡೇ ಎದ್ದು ಬನ್ನಿ.